ಅದು ಕೆಮ್ಮಲ್ಲ, ಘಾಟು

ನನ್ನನ್ನು ಕಂಡವರು ಈಗಲೂ ಕೇಳುವುದು ಎರಡೇ ಪ್ರಶ್ನೆ. ತೂಕ ಎಷ್ಟು ಇಳಿಯಿತು, ಎಷ್ಟು ಖರ್ಚಾಯಿತು. ಹೇಗಿದ್ದೀ ಎಂದು ಕೇಳುವವರು ಕಡಿಮೆ. ಮೊನ್ನೆ ಹಾವೇರಿಯ ಬಸ್ ನಿಲ್ದಾಣದಲ್ಲಿ ದೂರದ ಸಂಬಂಧಿಯೊಬ್ಬಳು ಸಿಕ್ಕಿದ್ದಳು. ಅಂಗಡಿಯಲ್ಲಿ ಬಟ್ಟೆ ಮುಟ್ಟಿ ನೋಡುವವರಂತೆ ನನ್ನ ತೋಳನ್ನು ಒತ್ತಿ ನೋಡಿ, ಹೊಟ್ಟೆ ಕೊಯ್ಸಿದ್ಯೋ ತೂತು ಹಾಕಿಸಿದ್ಯೋ, ಯಾವುದು ಅಗ್ಗ ಎಂದು ವಿಚಾರಿಸಿದಳು. ಅವಳ ಮಗಳೂ ದಪ್ಪಗಿದ್ದಾಳಂತೆ, ಅವಳಿಗೂ ಮಾಡಿಸುವ ವಿಚಾರವಂತೆ. ಆ ಹುಡುಗಿ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ ತೋಳು ಬಿಡಿಸಿಕೊಂಡು ನಡೆದುಬಿಟ್ಟೆ. ಆಮೇಲೆ ಹೇಳಬೇಕಿತ್ತು ಅನ್ನಿಸಿತು. ತಾಯಿಗೆ ಬೇಡ, ಆ ಹುಡುಗಿಗೆ ಹೇಳಬೇಕಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಸುಮಂಗಲಾ. ತವರು ತುಂಗಭದ್ರೆಯ ದಂಡೆಯ ಐರಣಿ. ಕೊಟ್ಟದ್ದು ಬ್ಯಾಡಗಿಗೆ, ಮೆಣಸಿನಕಾಯಿ ವ್ಯಾಪಾರಸ್ಥರ ಮನೆಗೆ. ಮನೆ ಎಂದರೆ ಮುಂದೆ ಪಡಸಾಲೆ, ಮೇಲೆ ನಮ್ಮ ಖೋಲಿ, ಹಿಂದೆ ಗೋದಾಮು. ಮಾವನವರು ಮಾರ್ಕೆಟ್ ಯಾರ್ಡಿನಲ್ಲಿ ಮಾಲು ಹಿಡಿದರೆ ಅದು ಹಿಂದಿನ ಗೋದಾಮಿಗೆ ಬರುತ್ತಿತ್ತು. ಅಲ್ಲಿ ಹೆಂಗಸರು ಸಾಲಾಗಿ ಕುಳಿತು ತೊಟ್ಟು ಮುರಿದು, ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಿದ್ದರು. ಸುಗ್ಗಿಯ ತಿಂಗಳುಗಳಲ್ಲಿ ನಮ್ಮ ಅನ್ನದಲ್ಲಿ, ಹಾಸಿಗೆಯಲ್ಲಿ, ದೇವರ ಜಗಲಿಯ ಮೇಲೆ ಕೆಂಪು ಧೂಳು ಇರುತ್ತಿತ್ತು. ಮನೆಯವರೆಲ್ಲ ಬೆಳಗಿನಿಂದ ರಾತ್ರಿಯವರೆಗೆ ಕೆಮ್ಮುತ್ತ ಸೀನುತ್ತ ಇರುತ್ತಿದ್ದೆವು. ಮದುವೆಯಾದ ಹೊಸದರಲ್ಲಿ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿದ್ದರೆ ಅತ್ತೆ ನಗುತ್ತಿದ್ದರು. ಒಂದೆರಡು ವರ್ಷಕ್ಕೆ ನನಗೂ ಅದು ರೂಢಿಯಾಯಿತು.

ಮೊಬೈಲು ಆಗಷ್ಟೇ ಎಲ್ಲರ ಕಿಸೆಗೂ ಬರುತ್ತಿದ್ದ ವರ್ಷಗಳು ಅವು. ಮಗಳನ್ನು ಧಾರವಾಡದ ಹಾಸ್ಟೆಲ್ಲಿಗೆ ಹಾಕಿದ್ದೆವು. ಅಷ್ಟು ಹೊತ್ತಿಗೆ ನಾನು ಬಾಗಿಲಲ್ಲಿ ಅಡ್ಡ ತಿರುಗಿ ದಾಟುವಷ್ಟು ದಪ್ಪವಾಗಿದ್ದೆ. ಬರೀ ದಪ್ಪವಾಗಿದ್ದರೆ ಜನರ ಬಾಯಿಗೆ ಬಿದ್ದು ಸುಮ್ಮನಿರುತ್ತಿದ್ದೆ. ಸಕ್ಕರೆ ಕಾಯಿಲೆ ಬಂತು, ಮೊಣಕಾಲು ಹೋದವು. ಹಂಚಿನ ಮೇಲೆ ರೊಟ್ಟಿ ಇದ್ದಾಗಲೇ ಕುಳಿತಲ್ಲಿ ನಿದ್ದೆ ಹೋಗುತ್ತಿದ್ದೆ. ರಾತ್ರಿ ಉಸಿರು ನಡುವೆ ನಿಂತುಹೋಗುತ್ತದೆ ಎಂದು ಹೇಳಿದವರು ನನ್ನ ಗಂಡ ಮಹೇಶ. ನಾನು ಮತ್ತೆ ಉಸಿರೆಳೆಯುವವರೆಗೆ ಇವರು ಎದ್ದು ಕುಳಿತು ಕಾಯುತ್ತಿದ್ದರಂತೆ. ಇವರ ಮೇಲೆ ನನಗೆ ಸಿಟ್ಟು ಬೇಕಾದಷ್ಟಿದೆ, ಆದರೆ ಇದನ್ನು ಬರೆಯದೆ ಬಿಡಲಾರೆ.

ರಾಣೆಬೆನ್ನೂರಿನ ಸಕ್ಕರೆ ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಮುಳ್ಳು ಕೊನೆಗೆ ಹೋಗಿ ನಿಂತಿತು. ಇದರಲ್ಲಿ ಆಗುವುದಿಲ್ಲ, ಎಲ್ಲಾದರೂ ದೊಡ್ಡ ಯಂತ್ರದಲ್ಲಿ ತೂಗಿಸಿ ಬನ್ನಿ ಎಂದರು. ದೊಡ್ಡ ಯಂತ್ರ ನಮ್ಮಲ್ಲೇ ಇತ್ತಲ್ಲ. ಮರುದಿನ ಗೋದಾಮಿನಲ್ಲಿ, ಮೆಣಸಿನಕಾಯಿ ಚೀಲ ತೂಗುವ ಕಾಟಾದ ಮೇಲೆ ನನ್ನನ್ನು ನಿಲ್ಲಿಸಿದರು. ಚೀಲ ಹೊರುವ ಹಮಾಲರು ಅಲ್ಲೇ ಇದ್ದರು. ಅವರಲ್ಲಿ ವಯಸ್ಸಾದವನೊಬ್ಬ ಗೋಡೆಯ ಕಡೆ ತಿರುಗಿ ನಿಂತ. ಅವನನ್ನು ನೋಡಿ ಉಳಿದವರೂ ತಿರುಗಿದರು. ನನ್ನ ಮಾವ ಗುರುಬಸಪ್ಪನವರು ಮಾತ್ರ ಕಾಟಾದ ಮುಂದೆ ಬಗ್ಗಿ ನಿಂತು ತೂಕ ಓದಿ, ಚೀಲದ ತೂಕ ಕಳೆಯುವ ರೂಢಿಯಲ್ಲಿ, ಸೀರೆಯದ್ದು ಎಷ್ಟು ಹಿಡಿಯೋಣ ಎಂದು ಮಗನನ್ನು ಕೇಳಿದರು. ಅವರು ಚೇಷ್ಟೆ ಮಾಡಲಿಲ್ಲ, ಖರೇನೇ ಕೇಳಿದರು. ಅದೇ ನನ್ನ ಹೊಟ್ಟೆ ಉರಿಸಿತು.

ತೂಕ ನೋಡಿದ ಡಾಕ್ಟರು ಪಥ್ಯದ ಮಾತು ಬಿಟ್ಟರು. ಹೊಟ್ಟೆಯ ಚೀಲವನ್ನೇ ಸಣ್ಣದು ಮಾಡುವ ಆಪರೇಷನ್ ಬಂದಿದೆ, ತಡ ಮಾಡಬೇಡಿ, ಉಸಿರು ಹೀಗೆ ನಿಲ್ಲುವುದು ಒಳ್ಳೆಯದಲ್ಲ ಎಂದರು. ಹುಬ್ಬಳ್ಳಿಯಲ್ಲಿ ಒಬ್ಬರು ಸಣ್ಣ ತೂತು ಹಾಕಿ, ಒಳಗೆ ಕ್ಯಾಮೆರಾ ಬಿಟ್ಟು ಮಾಡುತ್ತಾರೆ. ದಾವಣಗೆರೆಯಲ್ಲಿ ಒಬ್ಬ ಹಿರಿಯರು ಹೊಟ್ಟೆ ತೆರೆದು ಮಾಡುತ್ತಾರೆ. ಇಬ್ಬರ ಹತ್ತಿರವೂ ಕೇಳಿಕೊಂಡು ನಿರ್ಧಾರ ಮಾಡಿ ಎಂದು ಎರಡು ಚೀಟಿ ಬರೆದು ಕೊಟ್ಟರು.

ಹುಬ್ಬಳ್ಳಿಯ ಆಸ್ಪತ್ರೆ ತಂಪಾಗಿತ್ತು, ಗಾಜಿನ ಪೆಟ್ಟಿಗೆಯಲ್ಲಿ ಮೀನುಗಳಿದ್ದವು. ಕಾಯುವ ಜಾಗದಲ್ಲಿ ಎರಡೂ ಕಡೆ ಕೈ ಇರುವ ಕುರ್ಚಿಗಳು. ತೂಕ ಇಳಿಸುವ ಆಸ್ಪತ್ರೆಯಲ್ಲಿ ನನ್ನಂಥವಳು ಕೂರಲಾಗದ ಕುರ್ಚಿ ಹಾಕಿದವರು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ. ಗೋಡೆಗೆ ಆನಿಸಿಕೊಂಡು ನಿಂತೆ. ಅಲ್ಲಿ ಗದಗಿನ ಹೆಂಗಸೊಬ್ಬಳು ತೋರಿಸಿಕೊಳ್ಳಲು ಬಂದಿದ್ದಳು. ತೂತಿನ ಆಪರೇಷನ್ ಆಗಿ ಇನ್ನೂ ತಿಂಗಳಾಗಿರಲಿಲ್ಲ, ಸರಸರನೆ ಓಡಾಡುತ್ತಿದ್ದಳು. ನಾನು ನಿಂತದ್ದು ನೋಡಿ ತಾನೂ ನನ್ನ ಪಕ್ಕ ಬಂದು ನಿಂತಳು. ಕುರ್ಚಿಯ ವಿಷಯ ಅವಳಿಗೆ ಹೇಳಬೇಕಾಗಲಿಲ್ಲ. ಒಳಗೆ ಡಾಕ್ಟರು ಚಿತ್ರ ಬರೆದು ತೋರಿಸಿದರು. ಗಾಯ ಸಣ್ಣದು, ಬೇಗ ಎದ್ದು ಓಡಾಡಬಹುದು. ಖರ್ಚು ಹೆಚ್ಚು, ಯಾಕೆಂದರೆ ಒಳಗೆ ಹೊಲಿಯುವ ಸಾಮಾನು ಹೊರದೇಶದ್ದು, ಒಬ್ಬರಿಗೆ ಬಳಸಿ ಎಸೆಯಬೇಕು. ಒಳಗೆ ಕಷ್ಟವೆನಿಸಿದರೆ ಅರ್ಧದಲ್ಲೇ ಹೊಟ್ಟೆ ತೆರೆಯಬೇಕಾಗಬಹುದು. ತಾವು ಮಾಡಿದ್ದು ಇನ್ನೂ ಕೆಲವೇ ಜನರಿಗೆ ಎಂದೂ ಮುಚ್ಚಿಡದೆ ಹೇಳಿದರು.

ದಾವಣಗೆರೆಯಲ್ಲಿ ಮರದ ಉದ್ದನೆಯ ಬೆಂಚಿತ್ತು. ಎಷ್ಟು ಬೇಕಾದರೂ ಹರಡಿಕೊಂಡು ಕೂರಬಹುದು. ಆ ಬೆಂಚಿಗೆ ನಾನು ಮನಸೋತೆ, ಸುಳ್ಳೇಕೆ ಹೇಳಲಿ. ಹಿರಿಯ ಡಾಕ್ಟರ ಖರ್ಚು ಹೆಚ್ಚುಕಡಿಮೆ ಅರ್ಧ. ಕೈ ಪಳಗಿದ ಮನುಷ್ಯ. ಕೊಯ್ದ ಗಾಯ ಉದ್ದ ಇರುತ್ತದೆ, ದಪ್ಪ ಇರುವವರಲ್ಲಿ ಕೀವಾಗಬಹುದು, ಹೊಲಿಗೆಯ ಜಾಗ ಸಡಿಲವಾಗಿ ಆಮೇಲೆ ಹರ್ನಿಯಾ ಆಗಬಹುದು ಎಂದರು. ಭಾರ ಎತ್ತುವ ಹಾಗಿಲ್ಲ, ತಿಣುಕುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ. ಹಾಗೆ ಹೇಳಿದವರೇ ಕನ್ನಡಕದ ಮೇಲಿಂದ ನೋಡಿ, ಕೆಮ್ಮು, ದಮ್ಮು ಏನಾದರೂ ಇದೆಯೇ ಎಂದು ಕೇಳಿದರು.

ಇಲ್ಲ ಎಂದರು ಮಾವನವರು. ಇಲ್ಲ ಎಂದರು ಇವರು. ನಾನೂ ಇಲ್ಲ ಎಂದೆ. ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ನಮ್ಮೂರಲ್ಲಿ ಕೆಮ್ಮು ಎಂದರೆ ನೆಗಡಿಯ ಕೆಮ್ಮು, ಕ್ಷಯದ ಕೆಮ್ಮು, ಡಾಕ್ಟರ ಹತ್ತಿರ ಹೋಗುವ ಕೆಮ್ಮು. ಮೆಣಸಿನಕಾಯಿಯದ್ದು ಘಾಟು. ಘಾಟು ರೋಗವಲ್ಲ, ಸುಗ್ಗಿ. ವ್ಯಾಪಾರ ಚೆನ್ನಾಗಿದ್ದ ವರ್ಷ ಘಾಟು ಹೆಚ್ಚು, ಮತ್ತು ಅದಕ್ಕೆ ಎಲ್ಲರಿಗೂ ಸಂತೋಷ. ಅದನ್ನು ಯಾರಾದರೂ ಡಾಕ್ಟರ ಮುಂದೆ ಹೇಳುತ್ತಾರೆಯೇ? ನೀವು ಎಲ್ಲಿ ಇರುತ್ತೀರಿ, ಮನೆ ಹೇಗಿದೆ ಎಂದು ಡಾಕ್ಟರೂ ಕೇಳಲಿಲ್ಲ. ಬ್ಯಾಡಗಿಯ ಹೆಸರು ಚೀಟಿಯ ಮೇಲೆಯೇ ಇತ್ತು, ಆ ಊರಿನ ಮೆಣಸಿನಕಾಯಿ ಅವರ ಮನೆಯ ಸಾರಿನಲ್ಲೂ ಇದ್ದೀತು.

ಆ ಸಂಜೆ ನಮ್ಮ ಪಡಸಾಲೆಯಲ್ಲಿ ನನ್ನ ಹೊಟ್ಟೆಯ ಬಗ್ಗೆ ಮಾತು ನಡೆಯಿತು. ಮಾವನವರು, ಇವರು, ಮಾವನವರ ಜೊತೆ ಯಾರ್ಡಿನಲ್ಲಿ ವ್ಯಾಪಾರ ಮಾಡುವ ಇನ್ನೊಬ್ಬ ಹಿರಿಯರು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಅಗ್ಗ, ದುಬಾರಿ ಎಂಬುದೊಂದೇ ಆಗಿದ್ದರೆ ಮಾವನವರು ಹುಬ್ಬಳ್ಳಿಗೇ ಕಳಿಸುತ್ತಿದ್ದರು, ಅವರ ಕೈ ಬಿಗಿಯಲ್ಲ. ಅವರಿಗೆ ತೊಡಕಾದದ್ದು ಬೇರೆ. ಯಾರ್ಡಿನಲ್ಲಿ ಮಾವನವರು ಚೀಲದ ಬಾಯಿಯ ಮಾಲು ನಂಬುವವರಲ್ಲ. ಮೇಲೆ ಚೆಂದ ಇಟ್ಟು ಕೆಳಗೆ ಬಿಳಿಚಿದ ಕಾಯಿ ತುಂಬುವವರನ್ನು ನೋಡಿ ನೋಡಿ ಅವರ ತಲೆ ನೆರೆತಿತ್ತು. ಚೀಲ ಸುರಿಸಿ, ರಾಶಿಯೊಳಗೆ ಮೊಳಕೈವರೆಗೆ ಕೈ ಹಾಕಿ ನೋಡಿದ ಮೇಲೆಯೇ ಟೆಂಡರಿನ ಚೀಟಿಯಲ್ಲಿ ದರ ಬರೆಯುತ್ತಿದ್ದರು. ಅದೇ ಲೆಕ್ಕವನ್ನು ನನಗೂ ಹಚ್ಚಿದರು.

“ಬಾಯಿ ಬಿಚ್ಚದ ಚೀಲಕ್ಕ ನಾ ಇಲ್ಲೀತನಕ ಟೆಂಡರ್ ಹಾಕಿಲ್ಲ. ತೂತಿನಾಗಿಂದ ಟಿವಿ ನೋಡ್ಕೋತ ಕೈಯಾಡಸ್ತಾರಂತ. ಒಳಗ ಏನೈತಿ ಅನ್ನೋದು ಹೆಂಗ ತಿಳೀತೈತಿ? ಪೂರಾ ತಗದು ಕಣ್ಣಿಲೆ ನೋಡಿ ಮಾಡೋದು ಪಕ್ಕಾ ಕೆಲಸ,” ಎಂದರು.

ಜೊತೆಗಿದ್ದ ಹಿರಿಯರು ಹೌದೆಂದು ತಲೆಯಾಡಿಸಿದರು. ಗದಗಿನ ಆ ಹೆಂಗಸಿನ ಬಗ್ಗೆ, ನನಗೆ ತೂತಿನದೇ ಬೇಕು ಎನ್ನುವುದರ ಬಗ್ಗೆ ನಾನು ಹುಬ್ಬಳ್ಳಿಯಿಂದ ಬರುವ ದಾರಿಯುದ್ದಕ್ಕೂ ಇವರ ಮುಂದೆ ಹೇಳಿದ್ದೆ. ಹೇಳುತ್ತೇನೆ ಬಿಡು ಎಂದಿದ್ದರು. ಹೇಳಲಿಲ್ಲ. ತಲೆಯ ಮೇಲೆ ಸೆರಗು ಹೊದ್ದುಕೊಂಡು ಚಹಾದ ತಾಟು ಹಿಡಿದು ನಾನೇ ಹೊರಗೆ ಬಂದೆ.

“ಮಾವಾರ, ನನಗ ತೂತಿಂದು ಮಾಡಸ್ರಿ.”

“ನಿನಗ ತಿಳಿಯಂಗಿಲ್ಲ, ಸುಮ್ನಿರವಾ ಸುಮಂಗಲಾ,” ಎಂದು ಪ್ರೀತಿಯಿಂದಲೇ ಅಂದರು. ಬೈದಿದ್ದರೆ ಎದುರು ಮಾತಾಡುತ್ತಿದ್ದೆನೋ ಏನೋ. ಪ್ರೀತಿಯಿಂದ ಬಾಯಿ ಮುಚ್ಚಿಸುವವರ ಮುಂದೆ ನಮ್ಮಂಥವರಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ.

ಡಾಕ್ಟರು ಕೊಟ್ಟ ದಿನ ಸಂಕ್ರಾಂತಿ ಕಳೆದ ಮೇಲೆ ಬಂತು. ಅಷ್ಟರೊಳಗೆ ಬಂಧುಗಳೆಲ್ಲ ಬಂದು ಹೋದರು. ಇನ್ನು ತಿನ್ನಲಿಕ್ಕಾಗುವುದಿಲ್ಲವಲ್ಲ ಎಂದು ಒಬ್ಬರು ಹೋಳಿಗೆ, ಒಬ್ಬರು ಕರ್ಚಿಕಾಯಿ ತಂದರು. ತಿಂದದ್ದಕ್ಕೇ ಹೀಗಾದಳು ಎಂದು ಹಿಂದಿನಿಂದ ಆಡಿಕೊಂಡವರೂ ಅವರೇ. ಅವರು ತಂದದ್ದನ್ನು ನಾನು ಮುಟ್ಟಲಿಲ್ಲ. ಮೋಟೆಬೆನ್ನೂರಿನ ನಮ್ಮ ಅತ್ತೆಯ ತಂಗಿ ಬಾಯಲ್ಲಿಡಲು ಬಂದಾಗ ಕೈ ಸರಿಸಿದೆ, ಸೊಕ್ಕಿನವಳು ಎನಿಸಿಕೊಂಡೆ.

ಆಪರೇಷನ್ ಬಗ್ಗೆ ನನಗೆ ಹೇಳಲು ಏನಿದೆ. ಮೂಗಿಗೆ ಏನೋ ಹಿಡಿದರು, ಎಚ್ಚರವಾದಾಗ ಗಂಟಲು ಒಣಗಿತ್ತು, ಎದೆಯ ಕೆಳಗಿನಿಂದ ಹೊಕ್ಕುಳದ ಕೆಳಗಿನವರೆಗೆ ಬೆಂಕಿ. ಕೆಲಸ ಚೆನ್ನಾಗಿಯೇ ಆಗಿತ್ತು. ಮಾವನವರು ಅಂದು ಯಾರ್ಡಿಗೆ ಹೋಗದೆ, ನೀರು ಸಹ ಕುಡಿಯದೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರೆಂದು ಆಯಾ ಹೇಳಿದಳು. ಅದೇ ಆಯಾ ನನಗೆ ಒಂದು ದಿಂಬು ತಂದುಕೊಟ್ಟು, ಕೆಮ್ಮು ಬಂದರೆ ಇದನ್ನು ಹೊಟ್ಟೆಗೆ ಅವುಚಿಕೊಳ್ಳಬೇಕು ಎಂದು ತೋರಿಸಿಕೊಟ್ಟಳು. ಆ ಆಸ್ಪತ್ರೆಯಲ್ಲಿ ಒಮ್ಮೆಯೂ ಕೆಮ್ಮು ಬರಲಿಲ್ಲ. ನನಗದು ವಿಚಿತ್ರ ಎನ್ನಿಸಬೇಕಿತ್ತು.

ಮನೆಗೆ ಕರೆತಂದಾಗ ಯಾರ್ಡು ತುಂಬಿ ಚೆಲ್ಲುತ್ತಿತ್ತು. ಊರಿನ ರಸ್ತೆಯುದ್ದಕ್ಕೂ ಚೀಲ ಹೇರಿದ ಲಾರಿಗಳು. ನಾನು ಮೆಟ್ಟಿಲು ಹತ್ತಬಾರದು ಎಂದಿದ್ದರಲ್ಲ, ಅದಕ್ಕಾಗಿ ಅತ್ತೆ ಕೆಳಗಿನ ಖೋಲಿ ಸಾರಿಸಿ, ಹೊಸ ಗಾದಿ ಹಾಸಿ, ಗಾಳಿ ಬರಲೆಂದು ಕಿಟಕಿ ತೆರೆದಿಟ್ಟಿದ್ದರು. ಆ ಕಿಟಕಿ ಗೋದಾಮಿನ ಕಡೆ ಇತ್ತು. ಅಷ್ಟು ಅಕ್ಕರೆಯಿಂದ ನನ್ನನ್ನು ಘಾಟಿನ ಬಾಯಲ್ಲಿ ಮಲಗಿಸಿದರು.

ಮೊದಲ ಸೀನಿಗೇ ಪ್ರಾಣ ಹೋಗಿ ಬಂತು. ದಿಂಬು ಅವುಚಿಕೊಂಡೆ. ಕಿಟಕಿ ಮುಚ್ಚಿಸಿದೆ, ಸಂದಿಗೆ ಹಳೆಯ ಸೀರೆ ತುರುಕಿಸಿದೆ. ಗಂಜಿ ನಾಲ್ಕು ಚಮಚ ಕುಡಿಯುವಷ್ಟರಲ್ಲಿ ಮತ್ತೆ ಕೆಮ್ಮು. ನನ್ನನ್ನು ಮೇಲಿನ ಖೋಲಿಗೆ ಕಳಿಸಿ, ಇಲ್ಲವಾದರೆ ಐರಣಿಗೆ ಕಳಿಸಿ ಎಂದೆ. ಘಾಟು ಹತ್ತಿದೆ, ಎರಡು ದಿನಕ್ಕೆ ರೂಢಿಯಾಗುತ್ತದೆ ಎಂದರು ಅತ್ತೆ. ಹಸಿ ಮೈಯವಳನ್ನು ಪ್ರಯಾಣ ಮಾಡಿಸಬಾರದು ಎಂದರು ಮಾವನವರು. ಇವರು ಇಬ್ಬರ ಮುಖವನ್ನೂ ನೋಡಿದರು.

ಒಂದು ಮಧ್ಯಾಹ್ನ ಹೊಸ ಮಾಲು ಬಂದು, ಅಂಗಳದಲ್ಲಿ ಒಂದರ ಮೇಲೊಂದು ಚೀಲ ಸುರಿದರು. ತೊಟ್ಟು ಮುರಿಯುವ ಹೆಂಗಸರೇ ಎದ್ದು ಹೊರಗೆ ಓಡಿದರಂತೆ. ನನಗೆ ಓಡಲಾಗಲಿಲ್ಲ. ಕೆಮ್ಮು ಶುರುವಾದದ್ದು ನಿಲ್ಲಲೇ ಇಲ್ಲ. ದಿಂಬಿನ ಕೆಳಗೆ ಏನೋ ಹರಿದಂತಾಯಿತು. ನೋವಿಗಿಂತ ಮೊದಲು ಬೆಚ್ಚಗೆ ಒದ್ದೆ ತಿಳಿಯಿತು. ಸೀರೆ ಸರಿಸಿ ನೋಡಿದರೆ ತೆಳ್ಳನೆ ರಕ್ತದ ನೀರು ಹರಿಯುತ್ತಿತ್ತು, ಹೊಲಿಗೆ ಬಾಯಿ ತೆರೆದಿತ್ತು. ಸತ್ತೆ ಎಂದುಕೊಂಡೆ. ಸಾಯುವ ಹೆದರಿಕೆಯ ಜೊತೆಗೇ ಬಂದದ್ದು ಸಿಟ್ಟು. ಈ ಮನೆಯಲ್ಲಿ, ಈ ಕಾಯಿಗಾಗಿ ಸಾಯಬೇಕೇ ಎಂಬ ಸಿಟ್ಟು. ಅತ್ತೆ ಒಗೆದ ಪಂಚೆ ಮಡಚಿ ಹೊಟ್ಟೆಗೆ ಕಟ್ಟಿದರು, ಇವರು ಎತ್ತಿ ಕಾರಿಗೆ ಹಾಕಿದರು. ದಾವಣಗೆರೆಯವರೆಗೂ ಇವರ ಕೈ ಆ ಪಂಚೆಯ ಮೇಲಿಂದ ಕದಲಲಿಲ್ಲ.

ಡಾಕ್ಟರು ಮತ್ತೆ ಒಳಗೆ ಒಯ್ದು, ಮತ್ತೆ ಹೊಲಿದರು. ಮರುದಿನ ನನ್ನ ಮಂಚದ ಹತ್ತಿರ ಬಂದು, ಕೆಮ್ಮು ಇಲ್ಲ ಎಂದು ಹೇಳಿದ್ದಿರಲ್ಲ ಎಂದು ಕೇಳಿದರು. ಮಾವನವರು ಮುಂದೆ ಬಂದರು.

“ಅದು ಕೆಮ್ಮಲ್ರಿ ಸಾಹೇಬ್ರ, ಘಾಟು. ಸುಗ್ಗಿಯಾಗ ಎಲ್ಲಾರಿಗೂ ಇರೂದ.”

“ಹೊಲಿಗೆಗೆ ಎರಡೂ ಒಂದೇ, ಯಜಮಾನ್ರೆ,” ಎಂದರು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿ, ಮನೆ ಎಲ್ಲಿದೆ, ಹಿಂದೆ ಏನಿದೆ, ಎಲ್ಲಿ ಮಲಗುತ್ತಿದ್ದಿರಿ ಎಂದು ಒಂದೊಂದಾಗಿ ಕೇಳಿದರು. ಮೊದಲೇ ಕೇಳಬೇಕಿತ್ತು ಎಂದೆ. ಹೌದು ಎಂದು ಒಪ್ಪಿಕೊಂಡರು. ಮೆಣಸಿನಕಾಯಿ ಇರುವ ಮನೆಗೆ ಸದ್ಯ ಕಳಿಸಬಾರದು, ಗಾಯ ಮಾಯ್ದರೂ ಈ ಜಾಗ ಇನ್ನು ಗಟ್ಟಿ ಇರುವುದಿಲ್ಲ, ಮುಂದೆ ಒಳಗೆ ಬಲೆಯಂಥ ಜಾಳಿಗೆ ಹಾಕಿ ಹೊಲಿಯಬೇಕಾಗಬಹುದು ಎಂದರು. ಅಗ್ಗದ ಆಪರೇಷನ್ ಹೀಗೆ ಎರಡಾಯಿತು, ಮೂರನೆಯದು ಮುಂದೆ ಕಾದು ಕುಳಿತಿತ್ತು.

ಇದರ ಮೇಲೊಂದು ಮಾತು ಕೇಳಿ. ನಾನು ಆಸ್ಪತ್ರೆಯಲ್ಲಿದ್ದಾಗಲೇ ಮಾವನವರು ಯಾರ್ಡಿನಲ್ಲಿ, ತೂತಿನದೇ ಮಾಡಿಸಬೇಕಿತ್ತು, ಹುಡುಗರು ಕೇಳಲಿಲ್ಲ ಎಂದು ಹೇಳಿಕೊಂಡು ತಿರುಗಿದರಂತೆ. ಅವರು ಬೇಕೆಂದು ಸುಳ್ಳು ಹೇಳಿರಲಿಕ್ಕಿಲ್ಲ. ತಮ್ಮ ಮಾತು ತಪ್ಪಾಗಬಹುದೆಂಬುದು ಅವರ ತಲೆಗೆ ಹೊಳೆಯುವುದೇ ಇಲ್ಲ, ಅದಕ್ಕೆ ನೆನಪೇ ತಿರುಗಿಬಿಡುತ್ತದೆ.

ಐರಣಿಗೆ ಹೋದೆ. ಅವ್ವ ನನ್ನ ಹಾಸಿಗೆಯನ್ನು ಹೊಳೆಯ ಕಡೆಯ ಬಾಗಿಲ ಹತ್ತಿರ ಹಾಕಿದಳು. ಒಗ್ಗರಣೆ ಹಾಕಬೇಕಾದರೆ ಒಲೆಯನ್ನು ಹಿತ್ತಲಿಗೆ ಒಯ್ಯುತ್ತಿದ್ದಳು. ಬಂದವರು ಇಳಿದ ತೂಕ ಕೇಳಿದರೆ, ನಿಮಗೆ ಕೊಡುವುದಿತ್ತೇನು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು. ರಾತ್ರಿ ನಿದ್ದೆ ಬರತೊಡಗಿತು. ಸಕ್ಕರೆ ಇಳಿಯಿತು. ಉಸಿರು ನಿಲ್ಲುವುದು ಕಡಿಮೆಯಾಗಿದೆ ಎಂದು ವಾರಕ್ಕೊಮ್ಮೆ ಬಂದು ಮಲಗುತ್ತಿದ್ದ ಇವರು ಹೇಳಿದರು. ಆಪರೇಷನ್ ಕೆಲಸ ಮಾಡಿತ್ತು, ಅದನ್ನೂ ಹೇಳಬೇಕು. ನನ್ನ ಜೀವ ಉಳಿಸಿದ್ದು ಅದೇ.

ಹೀಗಾಗಿ, ಬಸ್ ನಿಲ್ದಾಣದಲ್ಲಿ ನೆಲ ನೋಡುತ್ತಿದ್ದ ಹುಡುಗಿಯೇ, ತೂತಿನದು ಮೇಲೋ ಕೊಯ್ಯುವುದು ಮೇಲೋ ನಾನು ಹೇಳಲಾರೆ. ಅದನ್ನು ಹೇಳಲು ಡಾಕ್ಟರಿದ್ದಾರೆ. ನೀನು ಎಲ್ಲಿ ಮಲಗುತ್ತೀ, ಏನು ಉಸಿರಾಡುತ್ತೀ, ನಿಮ್ಮ ಮನೆಯಲ್ಲಿ ಯಾವುದನ್ನು ರೋಗವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದನ್ನು ಅವರು ಕೇಳದಿದ್ದರೂ ಹೇಳು. ನಿನಗೆ ಆಪರೇಷನ್ ಬೇಕೋ ಬೇಡವೋ ಎಂಬುದನ್ನು ಮೊದಲು ಹೇಳು. ಚಹಾದ ತಾಟು ಕೆಳಗಿಟ್ಟು ಹೇಳು.

ನಾನು ಈಗ ಹಾವೇರಿಯಲ್ಲಿ, ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ಇದ್ದೇನೆ. ಇವರು ದಿನಾ ಬ್ಯಾಡಗಿಗೆ ಹೋಗಿ ಬರುತ್ತಾರೆ. ಹೊಟ್ಟೆಗೆ ಜಾಳಿಗೆ ಹಾಕಿಸಿಕೊಂಡದ್ದು ಆಮೇಲೆ, ಆ ಸಲ ಡಾಕ್ಟರನ್ನು ಆರಿಸಿದವಳು ನಾನು. ಈ ಮನೆ ಸುಮ್ಮನೆ ಸಿಗಲಿಲ್ಲ.

ಆ ವರ್ಷ ಯುಗಾದಿಗೆ ಎರಡು ದಿನ ಇರುವಾಗ ಮಾವನವರು ಮಗನನ್ನು ಕರೆದುಕೊಂಡು ಐರಣಿಗೆ ಬಂದರು. ಯಾರ್ಡಿನಿಂದ ನೇರ ಕಾರು ಹತ್ತಿದ್ದರು. ಅವರು ಪಡಸಾಲೆಯಲ್ಲಿ ಕುಳಿತಿದ್ದೇ ತಡ, ಅಷ್ಟು ದೂರದಲ್ಲಿದ್ದ ನನಗೆ ಅವರ ಅಂಗಿಯಿಂದ ಘಾಟು ಬಡಿಯಿತು. ದಿಂಬು ಎತ್ತಿಕೊಂಡೆ. ಹಬ್ಬಕ್ಕೆ ಸೊಸೆ ಮನೆಯಲ್ಲಿಲ್ಲದಿದ್ದರೆ ಯಾರ್ಡಿನಲ್ಲಿ ನಾಲ್ಕು ಮಂದಿ ನಾಲ್ಕು ಮಾತಾಡುತ್ತಾರೆ, ಗಾಯ ಮಾಯ್ದಿದೆಯಲ್ಲ, ಇವತ್ತೇ ನಡೆ ಎಂದರು. ಇವರು ಗೋಡೆ ನೋಡುತ್ತಿದ್ದರು. ನನ್ನ ಕೆಮ್ಮು ಇಳಿಯುವವರೆಗೆ ಎಲ್ಲರೂ ಕಾದರು.

“ಮಾವಾರ, ಬರಂಗಿಲ್ಲ. ಮೆಣಸಿನಕಾಯಿ ಕೆಡಬಾರದಂತ ಕೋಲ್ಡ್ ಸ್ಟೋರೇಜಿನಾಗ ಬಾಡಿಗಿ ಕೊಟ್ಟು ಇಡ್ತೀರಿ. ನನಗೂ ಒಂದು ಖೋಲಿ ಬಾಡಿಗಿ ಹಿಡೀರಿ. ಘಾಟು ಇಲ್ಲದಲ್ಲಿ.”

“ನಾಕ ದಿನದಾಗ ರೂಢಿ ಆಗ್ತೈತಿ. ಸಣ್ಣದನ್ನ ದೊಡ್ಡದು ಮಾಡಬ್ಯಾಡವಾ.”

ಅವರ ಮುಂದೆ ನಾನು ತಲೆಯ ಸೆರಗು ಜಾರಲು ಸಹ ಎಂದೂ ಬಿಟ್ಟವಳಲ್ಲ. ಎದ್ದು ನಿಂತೆ. ಹೊಟ್ಟೆಗೆ ಕಟ್ಟಿದ ಪಟ್ಟಿ ಬಿಚ್ಚಿ ಸೀರೆ ಸರಿಸಿದೆ. ಅವ್ವ ಅಡುಗೆ ಮನೆಯ ಬಾಗಿಲಿಂದ ನನ್ನ ಹೆಸರು ಹಿಡಿದು ಕೂಗಿದಳು. ನಾನು ಕೈ ತೆಗೆಯಲಿಲ್ಲ. ಗಾಯ ಇನ್ನೂ ಕೆಂಪಗಿತ್ತು, ಎರಡು ಸಲ ಹೊಲಿದ ಜಾಗ ನಡುವೆ ಉಬ್ಬಿಕೊಂಡಿತ್ತು. ಮಾವನವರು ತಲೆ ತಗ್ಗಿಸಲು ಹೋಗಿ, ತಗ್ಗಿಸದೆ ನೋಡಿದರು.

“ಇಷ್ಟುದ್ದ ಐತಂತ ನನಗ ಗೊತ್ತಿರಲಿಲ್ಲ,” ಎಂದರು.

“ಯಾರೂ ಕೇಳಲಿಲ್ಲರಿ,” ಎಂದೆ.

ಅವರು ಚಹಾ ಕುಡಿಯಲಿಲ್ಲ. ಚಪ್ಪಲಿ ಮೆಟ್ಟುವಾಗ ಮಗನಿಗೆ, ಹಾವೇರಿಯಲ್ಲಿ ಎಲ್ಲಾದರೂ ಒಂದು ಮನೆ ನೋಡು ಎಂದರು. ನಾನು ಅವರನ್ನು ಇರಿ ಎನ್ನಲಿಲ್ಲ. ಕಾರು ಹೋದ ಮೇಲೂ ಅವರ ಅಂಗಿಯ ಘಾಟು ಪಡಸಾಲೆಯಲ್ಲಿ ಉಳಿದಿತ್ತು. ಪಟ್ಟಿ ಬಿಗಿದುಕೊಂಡು, ದಿಂಬು ಅವುಚಿಕೊಂಡು, ಅದು ಹೋಗುವವರೆಗೆ ಕೆಮ್ಮಿದೆ.